ಕಂಬಳದ ಕೋಣವೂ ಕ್ಯಾಮರಾದ ಕಣ್ಣೂ

ಗದ್ದೆಯ ಪೈರು ಕೊಯ್ಲಾಗಿ ಚಳಿ ಮೆಲ್ಲನೆ ಇಳಿಯತೊಡಗಿತೆಂದರೆ ಕುಂದಾಪುರದ ಸುತ್ತಣ ಊರುಗಳಲ್ಲಿ ಕಂಬಳದ ಮಾತು ಏಳುತ್ತದೆ. ಗುಲ್ವಾಡಿಯೆಂಬ ಹೆಸರು ಕನ್ನಡದ ಓದುಗರಿಗೆ 1899ರಲ್ಲಿ ಬೆಳಕು ಕಂಡ ‘ಇಂದಿರಾಬಾಯಿ’ಯ ಕರ್ತೃ ವೆಂಕಟರಾಯರಿಂದಾಗಿ ಪರಿಚಿತವಷ್ಟೆ, ಆದರೆ ಕಂಬಳದ ದಿನಗಳಲ್ಲಿ ಆ ಕಡೆಯ ತರುಣರಿಗೆ ಕಾದಂಬರಿ ಬೇಡ, ಕೋಣ ಬೇಕು. ಒಂದು ದಿಕ್ಕಿಗೆ ವಂಡಾರು, ಇನ್ನೊಂದು ದಿಕ್ಕಿಗೆ ಬೈಂದೂರಿನ ಬಳಿಯ ತಗ್ಗರ್ಸೆ. ಇವು ಹಳೆಯ ಸಂಪ್ರದಾಯದ ಕಂಬಳಗಳು. ದಕ್ಷಿಣಕ್ಕೆ ಇಳಿದರೆ ಮೂಡುಬಿದಿರೆ, ಐಕಳಗಳ ಜೋಡುಕರೆಯ ಸ್ಪರ್ಧೆಗಳು. ಎಲ್ಲಿ ಹೋದರೂ ಈಗ ಕೊರಳಿಗೆ ಕ್ಯಾಮರಾ ತೂಗಿಕೊಂಡವರ ಒಂದು ಗುಂಪು ಉಂಟು. ಅವರ ಚಿಂತೆಯೂ ಬಹುಮಟ್ಟಿಗೆ ಒಂದೇ: “ಇಷ್ಟು ಹಣ ಕೊಟ್ಟು ಫುಲ್-ಫ್ರೇಮ್ ಕ್ಯಾಮರಾ ತಂದದ್ದಾಯಿತು, ಕೋಣ ಮಾತ್ರ ಚಿತ್ರದಲ್ಲಿ ಇರುವೆಯಷ್ಟೇ ಕಾಣುತ್ತದೆ. ಹತ್ತಿರ ತರುವುದು ಹೇಗೆ?”

ಹಗ್ಗದ ಒಳಗೆ ನುಗ್ಗಿದರೆ ಹತ್ತಿರವಾಗುತ್ತದೆ; ಅದೊಂದನ್ನು ಮಾತ್ರ ಮಾಡಬಾರದು. ಓಟದ ಕಣಕ್ಕೂ ನೋಡುವವರಿಗೂ ನಡುವೆ ಇರುವ ದೂರಕ್ಕೆ ಪ್ರಪಂಚ ಬಹಳ ಬೆಲೆ ತೆತ್ತಿದೆ. 1955ರ ಜೂನ್ 11ರಂದು ಫ್ರಾನ್ಸಿನ ಲ ಮಾನ್ ಮೋಟಾರು ಪಂದ್ಯದಲ್ಲಿ ಕಾರೊಂದು ದಾರಿ ತಪ್ಪಿ, ಅದರ ಚೂರುಗಳು ಜನರ ನಡುವೆ ಸಿಡಿದಾಗ ಸತ್ತವರು 80ಕ್ಕೂ ಮಿಕ್ಕಿ. ಕೋಣಗಳಿಗೆ ಯಂತ್ರದ ವೇಗವಿಲ್ಲ ನಿಜ. ಆದರೆ 2020ರಲ್ಲಿ ಐಕಳದ ಕರೆಯಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು ಓಡಿಸಿದ ಜೋಡಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿತು. ಎಂದರೆ ಗಂಟೆಗೆ ಸುಮಾರು 38 ಕಿಲೋಮೀಟರ್. ಅದಕ್ಕೆ ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ. ಆದುದರಿಂದ ದೂರ ನಿಲ್ಲುವವನೇ ಜಾಣ. ದೂರವನ್ನು ಗೆಲ್ಲಬೇಕಾದುದು ಗಾಜಿನಿಂದ, ಕಾಲಿನಿಂದಲ್ಲ.

ಗಾಜಿನ ಲೆಕ್ಕ ಕಠಿನವೇನಲ್ಲ. ಫುಲ್-ಫ್ರೇಮ್ ಕ್ಯಾಮರಾದ ಸಂವೇದಕದ ಅಗಲ 36 ಮಿಲಿಮೀಟರ್. 400 ಮಿಲಿಮೀಟರ್ ಲೆನ್ಸು ಹಾಕಿ 150 ಮೀಟರು ಆಚೆ ನೋಡಿದರೆ ಚಿತ್ರದ ಅಡ್ಡಗಲದಲ್ಲಿ ಹಿಡಿಯುವುದು 13.5 ಮೀಟರ್ ಜಾಗ. ಜೋಡಿ ಕೋಣ ಅದರೊಳಗೆ ಸಣ್ಣದೇ. ಇದನ್ನು ದೊಡ್ಡದು ಮಾಡಲು ಅಂಗಡಿಯವರು ಮೊದಲು ತೋರಿಸುವುದು ಟೆಲಿಕನ್ವರ್ಟರು. ಇದು ಕ್ಯಾಮರಾಕ್ಕೂ ಲೆನ್ಸಿಗೂ ನಡುವೆ ಕೂರುವ ಸಣ್ಣ ಗಾಜಿನ ಕೊಳವೆ. 1.4 ಪಟ್ಟಿನದಾದರೆ 300ರ ಲೆನ್ಸು 420 ಆಗುತ್ತದೆ; 2 ಪಟ್ಟಿನದಾದರೆ 600. ಕೇಳಲು ಇಂಪಾಗಿದೆ. ಆದರೆ ಮೊದಲನೆಯದು ಒಳಬರುವ ಬೆಳಕಿನಲ್ಲಿ ಅರ್ಧವನ್ನೂ ಎರಡನೆಯದು ಮುಕ್ಕಾಲನ್ನೂ ಸುಂಕವಾಗಿ ಕಸಿದುಕೊಳ್ಳುತ್ತದೆ. ಎಫ್ 4ರ ಲೆನ್ಸು 1.4ರೊಡನೆ ಎಫ್ 5.6, 2ರೊಡನೆ ಎಫ್ 8. ಹಳೆಯ ಕನ್ನಡಿಯ ಕ್ಯಾಮರಾಗಳಲ್ಲಿ ಅನೇಕವು ಎಫ್ 8ಕ್ಕೆ ಬರುವಷ್ಟರಲ್ಲಿ ತಾವಾಗಿ ಫೋಕಸ್ ಮಾಡುವುದನ್ನೇ ಕೈಬಿಡುತ್ತವೆ. ಈಗಿನ ಕನ್ನಡಿಯಿಲ್ಲದವು ಅಷ್ಟು ಮುನಿಸಿಕೊಳ್ಳುವುದಿಲ್ಲ. ಎಲ್ಲ ಲೆನ್ಸುಗಳಿಗೂ ಇದು ಹೊಂದುವುದಿಲ್ಲವೆಂಬುದನ್ನು ಹಣ ಎಣಿಸುವ ಮುನ್ನವೇ ವಿಚಾರಿಸಿಕೊಳ್ಳಬೇಕು.

ಸುಂಕವಿಲ್ಲದ ದಾರಿಯೂ ಒಂದುಂಟು, ಕ್ರಾಪ್. ಸಂವೇದಕದ ನಡುಭಾಗವನ್ನಷ್ಟೇ ಬಳಸಿದರೆ 400ರ ಲೆನ್ಸು 600ರಂತೆ ಕಾಣುತ್ತದೆ. ಬೆಳಕಿನ ಅಳತೆ ಹಾಗೆಯೇ ಉಳಿಯುತ್ತದೆ. ಕೋಣವೇನೂ ನಿಜವಾಗಿ ದೊಡ್ಡದಾಗುವುದಿಲ್ಲ, ಸುತ್ತಲ ಬಯಲನ್ನು ಕತ್ತರಿಯಿಂದ ಕತ್ತರಿಸಿದ ಹಾಗೆ. 24 ಮೆಗಾಪಿಕ್ಸೆಲಿನ ಕ್ಯಾಮರಾದಲ್ಲಿ ಉಳಿಯುವುದು ಹತ್ತು ಹನ್ನೊಂದು, 45ರದರಲ್ಲಿ 20. ಮನೆಯ ಗೋಡೆಗೆ ತೂಗುಹಾಕುವ ಪಟಕ್ಕೆ ಹತ್ತೂ ಸಾಕು. ಇಷ್ಟನ್ನು ತಿಳಿಯದೆ ಲಕ್ಷಗಟ್ಟಲೆಯ ಲೆನ್ಸಿಗಾಗಿ ಮನೆಯಲ್ಲಿ ಹಠ ಹಿಡಿಯುವ ಮಗನಿಗೆ ತಂದೆತಾಯಿಗಳು ಈ ಲೆಕ್ಕವನ್ನು ಒಮ್ಮೆ ಮಾಡಿಸಬಹುದು.

ಬೆಳಕಿನ ಮಾತನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಜೋಡುಕರೆಯ ಕಂಬಳ ಹಗಲಿಗೆ ಮುಗಿಯುವುದಲ್ಲ. ಹೊನಲು ಬೆಳಕಿನಲ್ಲಿ ರಾತ್ರಿಯಿಡೀ ನಡೆಯುತ್ತದೆ. ಆ ವೇಗದ ಕೋಣ ಸೆಕೆಂಡಿನ ಅರುವತ್ತರಲ್ಲೊಂದು ಭಾಗದಲ್ಲಿ 17 ಸೆಂಟಿಮೀಟರು ಮುಂದೆ ಹೋಗಿರುತ್ತದೆ. ಸಾವಿರದಲ್ಲೊಂದರಲ್ಲಿ ಒಂದೇ ಸೆಂಟಿಮೀಟರು. ನೀರಿನ ಹನಿಯನ್ನು ಗಾಳಿಯಲ್ಲಿ ನಿಲ್ಲಿಸಬೇಕಾದರೆ ಈ ಸಾವಿರವೇ ಬೇಕು. ಎಫ್ 2.8ರಲ್ಲಿ ಐಎಸ್‌ಓ 3200ಕ್ಕೆ ಸಿಗುವ ಚಿತ್ರ 2 ಪಟ್ಟಿನ ಕೊಳವೆ ಸೇರಿದೊಡನೆ 12,800 ಕೇಳುತ್ತದೆ; ಕೋಣದ ಮೈಯ ಹೊಳಪೆಲ್ಲ ರವೆರವೆ. ಆದುದರಿಂದ ಹಗಲಿಗೆ 1.4 ಇರಲಿ, ಇರುಳಿಗೆ ಕೊಳವೆಯನ್ನು ಚೀಲದಲ್ಲೇ ಇಡುವುದು ಲೇಸು.

ಇನ್ನೊಂದು ಉಪಾಯಕ್ಕೆ ಕಾಸೂ ಬೇಡ. ಓಟದ ಕೊನೆಯ ಮಂಜೊಟ್ಟಿಯ ಪಕ್ಕದಲ್ಲಿ, ಹಗ್ಗದ ಹೊರಗೆ, ಜಾಗ ಹಿಡಿಯಬೇಕು. ನೇರಕ್ಕಂತೂ ನಿಲ್ಲಕೂಡದು, ಕೋಣಗಳು ಏರಿ ಬರುವುದು ಅಲ್ಲಿಗೇ. 150 ಮೀಟರಿನಲ್ಲಿ 800ರ ಲೆನ್ಸು ತೋರಿಸುವ ಅಗಲ 6.75 ಮೀಟರ್, 30 ಮೀಟರಿಗೆ ಬಂದ ಕೋಣವನ್ನು ಸಾಮಾನ್ಯವಾದ 200ರ ಲೆನ್ಸು 5.4 ಮೀಟರಿನೊಳಗೆ ಹಿಡಿಯುತ್ತದೆ. ನಡುವೆ ಇರುವುದು ಸುಮಾರು ಹನ್ನೆರಡು ಸೆಕೆಂಡು. ಕಾಯಬಲ್ಲವನಿಗೆ ದೂರವನ್ನು ಕೋಣಗಳೇ ಓಡಿ ಮುಗಿಸಿಕೊಡುತ್ತವೆ.

ಅತಿಯಾದ ಲೆನ್ಸು ಕೆಡಿಸುವುದೂ ಉಂಟು. ಕನೆಹಲಗೆಯ ಓಟದಲ್ಲಿ ನೋಡಬೇಕಾದುದು ವೇಗವನ್ನಲ್ಲ, ನಿಶಾನೆಯ ಎತ್ತರಕ್ಕೆ ಚಿಮ್ಮುವ ನೀರನ್ನು. ಅಲ್ಲಿ ಕೋಣದ ಮೂಗುದಾರವನ್ನು ತುಂಬಿಸಿ ನೀರಿನ ತುದಿಯನ್ನು ಕತ್ತರಿಸಿದ ಚಿತ್ರ ಬರೀ ದನದ ಚಿತ್ರವಾಗುತ್ತದೆ. ಕ್ಯಾಮರಾವನ್ನು ನಿಲುವಾಗಿ ಹಿಡಿದು ಮೇಲೆ ಆಕಾಶಕ್ಕೆ ಎಡೆ ಬಿಡಬೇಕು.

ಹೆಚ್ಚು ದೂರದಿಂದ ತೆಗೆದ ಚಿತ್ರಕ್ಕೆ ಮತ್ತೊಂದು ಗುಣವಿದೆ. ಅದು ಹಿಂದು ಮುಂದುಗಳ ನಡುವಣ ಅಂತರವನ್ನು ನುಂಗಿಬಿಡುತ್ತದೆ. ಓಡಿಸುವವನು ಗಾಳಿಯಲ್ಲಿ ಬೀಸಿದ ಬೆತ್ತ ಕೋಣದ ಬೆನ್ನಿನ ಮೇಲೇ ಬಿದ್ದಂತೆ ತೋರಬಹುದು. ಬಿದ್ದದ್ದು ಬೀಳದಂತೆಯೂ ತೋರಬಹುದು. ಇದು ಸಣ್ಣ ಮಾತಲ್ಲ. ಪ್ರಾಣಿಹಿಂಸೆಯ ಪ್ರಶ್ನೆಯ ಮೇಲೆ 2014ರ ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ ನಿಂತುಹೋಗಿ, ರಾಜ್ಯದ ತಿದ್ದುಪಡಿ ಕಾಯಿದೆಯಿಂದ ಮರಳಿ, 2023ರ ಮೇ 18ರಂದು ಸಂವಿಧಾನ ಪೀಠದ ಮುಂದೆ ಉಳಿದುಕೊಂಡ ಆಟವಿದು. ಒಂದೇ ಕ್ಷಣದ ಚಿತ್ರವನ್ನು ಆರಿಸಿ ಕಳುಹಿಸುವ ಮುನ್ನ ಅದರ ಹಿಂದಣ, ಮುಂದಣ ನಾಲ್ಕಾರು ಚಿತ್ರಗಳನ್ನೂ ನೋಡುವುದು, ಅಳಿಸದೆ ಇಡುವುದು ಒಳ್ಳೆಯದು.

ಲೆನ್ಸಿನ ಮುಂಗಾಜಿಗೊಂದು ಹುಡ್ಡು, ಒರಸಲು ಒಗೆದ ಹತ್ತಿಯ ಬಟ್ಟೆ ಎರಡು ಕೈಗೆಟುಕುವಂತಿರಲಿ. ಕೆಸರು ಹಗ್ಗದ ಹೊರಗಿನವರನ್ನೂ ಬಿಡುವುದಿಲ್ಲ.