ತೋಟಗಾರಿಕೆಯ ಓದು ಮತ್ತು ಪಟ್ಟಣದಂಚಿನ ಅರ್ಧ ಎಕರೆ



ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ - ಇವೆಲ್ಲ ಒಂದು ಕಾಲಕ್ಕೆ ಹೊಲ, ತೋಪು, ಕೆರೆಗಳಿದ್ದ ಜಾಗಗಳೇ. ಈಗ ಕೆಂಗೇರಿ ಕಡೆಯಲ್ಲೂ ರಾಗಿ ಹೊಲದ ಪಕ್ಕಕ್ಕೇ ಸೈಟಿನ ಕಲ್ಲು ಬಂದಿದೆ. "ಉಳಿದಿರೋದು ಅರ್ಧ ಎಕರೆ. ಇದನ್ನ ನಂಬಿಕೊಂಡು ಮಕ್ಕಳು ತೋಟಗಾರಿಕೆ ಓದಿ ಏನು ಮಾಡ್ತಾರೆ?" ಎಂದು ಕೇಳುವ ತಂದೆತಾಯಿಗಳು ಬಹಳ ಮಂದಿ. ಕೇಳಬೇಕಾದ ಮಾತೇ ಸರಿ. ಉತ್ತರಕ್ಕೆ ಮೊದಲು ಆ ಓದಿನಲ್ಲಿ ಏನಿದೆ ಅನ್ನೋದನ್ನ ನೋಡೋಣ.

ಮೊದಲನೆಯದು ನೀರಿನ ಲೆಕ್ಕ. ನೂರು ಚದರ ಮೀಟರ್ ಹುಲ್ಲುಹಾಸಿಗೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 400ರಿಂದ 500 ಲೀಟರ್ ನೀರು ಬೇಕು. ಇದು ನಾಲ್ಕು ಜನರ ಸಂಸಾರ ಬಳಸುವ ನೀರಿಗೆ ಹತ್ತಿರ. ಈ ಊರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರ್ ಎತ್ತರಕ್ಕೆ ಪಂಪಾಗಿ ಬರಬೇಕು. 2024ರ ಮಾರ್ಚ್ ತಿಂಗಳಲ್ಲಿ ಬರ ಬಂದಾಗ, ಕುಡಿಯುವ ನೀರನ್ನು ತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆಜ್ಞೆ ಮಾಡಿತು. ಇನ್ನೊಂದು ಕಡೆ ನೋಡಿ: ಬೆಂಗಳೂರಿನ ಮಳೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್. ನೂರು ಚದರ ಮೀಟರ್ ತಾರಸಿಯ ಮೇಲೆ ಬೀಳೋದು 97 ಸಾವಿರ ಲೀಟರ್. ಐದರಲ್ಲೊಂದು ಪಾಲು ಹಾಳಾದರೂ 75 ಸಾವಿರ ಲೀಟರಿಗೆ ಕಡಿಮೆಯಿಲ್ಲ. ಈ ನೀರನ್ನು ಹಿಡಿದು, ಹುಲ್ಲಿನ ಬದಲು ಕಡಿಮೆ ನೀರಲ್ಲಿ ಬದುಕುವ ಗಿಡಗಳನ್ನಿಟ್ಟು, ಬುಡಕ್ಕೆ ತರಗು ಮುಚ್ಚಿದರೆ, ಅದೇ ಸುಸ್ಥಿರ ಭೂದೃಶ್ಯ. ಹೆಸರು ಹೊಸದು, ನಮ್ಮ ಹಿತ್ತಲಿನವರು ಮಾಡಿದ್ದೂ ಇದನ್ನೇ.

ಎರಡನೆಯದು ಭಾರದ ಲೆಕ್ಕ. ತಾರಸಿಯ ಮೇಲೆ ಒಂದಡಿ ಆಳ ಒದ್ದೆಮಣ್ಣು ಹರಡಿದರೆ ಚದರ ಮೀಟರಿಗೆ 500 ಕಿಲೋ ದಾಟುತ್ತದೆ. ಸಾಮಾನ್ಯ ಮನೆಯ ತಾರಸಿ ಅಷ್ಟು ಭಾರಕ್ಕೆ ಕಟ್ಟಿದ್ದಲ್ಲ. ಆದ್ದರಿಂದ ಹದಗೊಳಿಸಿದ ತೆಂಗಿನ ನಾರಿನ ಪುಡಿ, ಗೊಬ್ಬರ ಬೆರೆಸಿದ ಹಗುರ ಮಿಶ್ರಣವನ್ನು ಕುಂಡಗಳಲ್ಲಿ ತುಂಬಿ, ತೊಲೆ ಕಂಬಗಳ ಮೇಲೆ ಬರುವಂತೆ ಇಡಬೇಕು.

ಮೂರನೆಯದು ಮರ. ಜರ್ಮನಿಯ ಕ್ರುಂಬಿಗಲ್ ಅವರು 1908ರಲ್ಲಿ ಲಾಲ್‌ಬಾಗಿಗೆ ಬಂದ ಮೇಲೆ, ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೀದಿಮರಗಳನ್ನು ಆರಿಸಿದರು. ಮರ ನಿಲ್ಲಬೇಕಾದರೆ ಬೇರು ಉಸಿರಾಡಬೇಕು. ಬುಡದವರೆಗೆ ಕಾಂಕ್ರೀಟ್ ಹಾಕಿ, ಚರಂಡಿಗೆಂದು ಬೇರು ಕಡಿದರೆ, ಮುಂಗಾರಿನ ಮೊದಲ ಗಾಳಿಗೇ ಮರ ಉರುಳುತ್ತದೆ. ಕೆಳಗೆ ಯಾರು ನಿಂತಿರ್ತಾರೋ ಹೇಳೋರ್ಯಾರು? ಬುಡದ ಸುತ್ತ ಒಂದು ಮೀಟರಾದರೂ ಮಣ್ಣು ಬಿಡಿ.

ನಾಲ್ಕನೆಯದು ನಮ್ಮ ವೃಷಭಾವತಿ. ನಗರದ ಪಶ್ಚಿಮ ಭಾಗದ ಕೊಳಚೆಯನ್ನೂ ಕಾರ್ಖಾನೆಗಳ ನೀರನ್ನೂ ಹೊತ್ತುಕೊಂಡು ಕೆಂಗೇರಿ ಮಾರ್ಗವಾಗಿ ಹರಿಯುವ ಈ ಹೊಳೆಯ ನೀರು ಕಪ್ಪಗಿದ್ದರೂ ಗೊಬ್ಬರವಲ್ಲ. ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಸೊಪ್ಪಿನಲ್ಲಿ ಸೇರುತ್ತವೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಅಂಥ ನೀರಿದ್ದ ಕಡೆ ತಿನ್ನುವ ಸೊಪ್ಪು ಬೇಡ. ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಿ, ಆಮೇಲೆ ಬೆಳೆ ಯೋಚಿಸಿ.

ಇದನ್ನೆಲ್ಲ ಎಲ್ಲಿ ಕಲಿಯಬಹುದು? ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವರಿಗೆ ನಾಲ್ಕು ವರ್ಷದ ತೋಟಗಾರಿಕೆ ಬಿ.ಎಸ್ಸಿ. ಇದೆ. 2008ರಲ್ಲಿ ಸ್ಥಾಪನೆಯಾದ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಒಂದು ಕಾಲೇಜು ಬೆಂಗಳೂರಿನ ಜಿ.ಕೆ.ವಿ.ಕೆ. ಆವರಣದಲ್ಲೇ ಉಂಟು. ಪ್ರವೇಶ ಸಿ.ಇ.ಟಿ. ಮೂಲಕ, ರೈತರ ಮಕ್ಕಳಿಗೆ ಪ್ರತ್ಯೇಕ ಮೀಸಲಾತಿ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯನ್ನೂ ಬರೆಯಬೇಕು. ಮುಂದೆ ಪುಷ್ಪಕೃಷಿ ಮತ್ತು ಭೂದೃಶ್ಯ ವಿಷಯದಲ್ಲಿ ಎಂ.ಎಸ್ಸಿ. ಮಾಡಬಹುದು. ಅಷ್ಟು ಓದುವ ಅನುಕೂಲವಿಲ್ಲದವರಿಗೆ ಲಾಲ್‌ಬಾಗಿನಲ್ಲಿ ರೈತರ ಮಕ್ಕಳಿಗಾಗಿಯೇ 10 ತಿಂಗಳ ತೋಟಗಾರಿಕೆ ತರಬೇತಿ ನಡೆಯುತ್ತದೆ. 1967ರಿಂದ ಇರುವ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಬೀಜ, ಸಸಿ, ಸಲಹೆ ದೊರೆಯುತ್ತವೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಪದವಿ ಬಂದ ಕೂಡಲೇ ಸರ್ಕಾರಿ ಕೆಲಸ ಸಿಗುತ್ತದೆ ಎಂದು ಹೇಳಲಾರೆ. ಹಾಗೆ ನಂಬಿಸುವುದೂ ತಪ್ಪು. ಆದರೆ ಸುತ್ತಲೂ ಎದ್ದಿರುವ ಮನೆ, ಅಪಾರ್ಟ್‌ಮೆಂಟು, ಶಾಲೆ, ಪಾರ್ಕುಗಳಿಗೆ ಸಸಿ ಬೇಕು, ಗೊಬ್ಬರ ಬೇಕು, ಮರದ ರೋಗ ಗುರುತಿಸುವವರು ಬೇಕು. ರಾಗಿಗೆ ಸಾಲದ ಅರ್ಧ ಎಕರೆ ಒಂದು ಸಸ್ಯಕ್ಷೇತ್ರಕ್ಕೆ ಸಾಕು. ಹೊಂಗೆ, ಬೇವು, ನುಗ್ಗೆ, ಕರಿಬೇವು, ದಾಸವಾಳದ ಸಸಿಗಳಿಂದ ಶುರುಮಾಡಿ. ಸೈಟು ಮಾಡಿ ಮಾರಿದ ನೆಲ ಮತ್ತೆ ಕೈಗೆ ಬರೋದಿಲ್ಲ. ಆದ್ದರಿಂದ ಮಾರುವ ಮಾತು ಆಡೋ ಮೊದಲು ಮಗನನ್ನೋ ಮಗಳನ್ನೋ ಕೂರಿಸಿಕೊಂಡು, ನೀರೆಷ್ಟಿದೆ, ಮಣ್ಣು ಹೇಗಿದೆ, ಹತ್ತಿರದಲ್ಲಿ ಕೊಳ್ಳುವವರು ಯಾರು ಎಂಬ ಮೂರು ಲೆಕ್ಕ ಬರೆದು ನೋಡಿ. ಲೆಕ್ಕ ಸರಿಬಂದರೆ ಅರ್ಜಿ ಹಾಕಿಸಿ.