ತಟ್ಟೆಗೆ ಅಂಕ ಕೊಡುವ ಮುನ್ನ

ಹೊಸ ಊರಿನಲ್ಲಿ ಬಸ್ಸೋ ರೈಲೋ ಇಳಿದವರು ಮೊದಲು ಹುಡುಕುವುದು ಊಟ ಎಲ್ಲಿ ಚೆನ್ನಾಗಿರುತ್ತದೆ ಎಂಬುದನ್ನು. ಹಿಂದೆ ಆಟೋದವರನ್ನೋ ಅಂಗಡಿಯವರನ್ನೋ ಕೇಳುತ್ತಿದ್ದೆವು. ಈಗ ಮೊಬೈಲ್ ತೆಗೆದು ನಕ್ಷತ್ರ ಎಣಿಸುತ್ತೇವೆ. ನಮಗಿಂತ ಮುಂಚೆ ಅಲ್ಲಿ ಉಂಡುಹೋದ ಅಪರಿಚಿತರ ಮಾತನ್ನು ನಂಬಿ ಒಳಗೆ ಹೋಗುತ್ತೇವೆ, ಹೊರಬಂದ ಮೇಲೆ ನಮ್ಮದೂ ಒಂದು ಮಾತು ಸೇರಿಸುತ್ತೇವೆ. ಇದು ಬರೀ ಅಳತೆಯ ಕೆಲಸ, ಇದರಿಂದ ಅಡುಗೆಗೇನೂ ಆಗುವುದಿಲ್ಲ ಎಂಬುದು ಸಾಮಾನ್ಯ ತಿಳಿವಳಿಕೆ. ನಿಜ ಸ್ಥಿತಿ ಹಾಗಿಲ್ಲ. ಪ್ರವಾಸಿಯ ಅಭಿಪ್ರಾಯ ಊರಿನ ಊಟವನ್ನು ಅಳೆಯುತ್ತಲೇ ಅದನ್ನು ತಿದ್ದುತ್ತದೆ, ಕೆಲವೊಮ್ಮೆ ಬೆಳೆಸುತ್ತದೆ, ಕೆಲವೊಮ್ಮೆ ಕೆಡಿಸುತ್ತದೆ. ನೂರು ವರ್ಷಗಳಿಂದ ಇದು ಕಣ್ಣಿಗೆ ಕಾಣುವಂತೆ ನಡೆದಿರುವ ಊರು ಫ್ರಾನ್ಸಿನ ಲಿಯಾನ್.

ಊಟಕ್ಕೆ ನಕ್ಷತ್ರ ಕೊಡುವ ಪದ್ಧತಿಗೆ ಜಗತ್ತಿನಲ್ಲಿ ಹೆಸರು ತಂದಿದ್ದು ಬಾಣಸಿಗರಲ್ಲ, ಒಂದು ಟೈರ್ ಕಂಪನಿ. 1900ರಲ್ಲಿ ಮಿಶೆಲಿನ್ ಸೋದರರು ಕಾರು ಓಡಿಸುವವರಿಗೆ ಪುಕ್ಕಟೆಯಾಗಿ ಒಂದು ಕೈಪಿಡಿ ಹಂಚಿದರು. ಟೈರ್ ಬದಲಿಸುವ ಬಗೆ, ರಿಪೇರಿಯ ಜಾಗ, ರಾತ್ರಿ ತಂಗಲು ಹೋಟೆಲು, ಇವು ಅದರ ಸರಕು. ಜನ ಹೆಚ್ಚು ಸುತ್ತಿದಷ್ಟೂ ಟೈರ್ ಸವೆಯುತ್ತದೆ ಎಂಬ ವ್ಯಾಪಾರಿ ಲೆಕ್ಕ ಅದರ ಹಿಂದಿತ್ತು. 1926ರಲ್ಲಿ ಒಳ್ಳೆಯ ಊಟ ಸಿಗುವ ಕಡೆಗೆ ನಕ್ಷತ್ರದ ಗುರುತು ಬಂತು. 1931ರಲ್ಲಿ ಒಂದು, ಎರಡು, ಮೂರು ಎಂಬ ಶ್ರೇಣಿಯಾಯಿತು. ದಾರಿ ಬಿಟ್ಟು ಸುತ್ತುಹಾಕಿಯಾದರೂ ಹೋಗಬಹುದಾದ ಕಡೆಗೆ ಎರಡು ನಕ್ಷತ್ರ, ಅದಕ್ಕೆಂದೇ ಪ್ರಯಾಣ ಹೊರಡಬಹುದಾದ ಕಡೆಗೆ ಮೂರು. ನಾಲಗೆಯ ರುಚಿಯನ್ನು ರಸ್ತೆಯ ದೂರದಲ್ಲಿ ಅಳೆದ ಲೆಕ್ಕವಿದು. ಅದೇ ಹೊತ್ತಿನಲ್ಲಿ ಕ್ಯುರ್ನೋನ್ಸ್ಕಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಲೇಖಕ ಗೆಳೆಯ ಮಾರ್ಸೆಲ್ ರೂಫ್ ಜೊತೆ ಫ್ರಾನ್ಸಿನ ಪ್ರಾಂತ್ಯಗಳ ಅಡುಗೆಯ ಬಗ್ಗೆ ಸಂಪುಟದ ಮೇಲೆ ಸಂಪುಟ ತಂದರು. ದೊಡ್ಡ ಊಟ ಎಂದರೆ ಪ್ಯಾರಿಸ್ಸಿನ ಊಟ ಎಂದಿದ್ದವರು ಹಳ್ಳಿಗಾಡಿನ ಕಡೆಗೆ ಕಾರು ತಿರುಗಿಸಿದರು. 1935ರಲ್ಲಿ ಕ್ಯುರ್ನೋನ್ಸ್ಕಿ ಲಿಯಾನನ್ನು ಜಗತ್ತಿನ ಊಟದ ರಾಜಧಾನಿ ಎಂದು ಕರೆದರು. ಆ ಬಿರುದು ಇವತ್ತಿಗೂ ಆ ಊರಿಗೆ ಅಂಟಿಕೊಂಡಿದೆ.

ಪ್ರವಾಸಿಗರ ಈ ಮಾತಿನಿಂದ ಲಾಭ ಪಡೆದವರಲ್ಲಿ ದೊಡ್ಡ ಹೆಸರು ಯೂಜೆನಿ ಬ್ರಾಜಿಯೆ. ಬ್ರೆಸ್ ಎಂಬ, ಕೋಳಿಗೆ ಹೆಸರಾದ ಸೀಮೆಯ ರೈತರ ಮಗಳು. ಲಿಯಾನಿನಲ್ಲಿ ಸಿರಿವಂತರ ಮನೆಗಳ ಅಡುಗೆಯವರಾಗಿದ್ದ ಹೆಂಗಸರು ಮುಂದೆ ತಮ್ಮದೇ ಊಟದ ಮನೆ ತೆರೆಯುವುದು ರೂಢಿಯಾಗಿತ್ತು. ಊರು ಅವರನ್ನು ಅಮ್ಮಂದಿರು ಎಂದೇ ಕರೆಯುತ್ತಿತ್ತು. ಬ್ರಾಜಿಯೆ 1921ರಲ್ಲಿ ಹಾಗೆಯೇ ಸಣ್ಣದೊಂದು ಊಟದ ಮನೆ ಶುರುಮಾಡಿದರು. 1933ರ ಹೊತ್ತಿಗೆ ಅದಕ್ಕೂ, ಊರಾಚೆಯ ಬೆಟ್ಟದ ಮೇಲಿನ ಅವರ ಇನ್ನೊಂದು ಮನೆಗೂ ಮೂರು ಮೂರು ನಕ್ಷತ್ರ ಬಂದವು. ಅವರ ಹೆಸರಾಂತ ಅಡುಗೆ ಬ್ರೆಸ್ ಸೀಮೆಯ ಕೋಳಿಯದು. ಚರ್ಮದ ಕೆಳಗೆ ಟ್ರಫಲ್ ಎಂಬ ಕಪ್ಪು ಅಣಬೆಯ ತೆಳು ಬಿಲ್ಲೆಗಳನ್ನು ತೂರಿಸಿ, ಕೋಳಿಯನ್ನು ಇಡಿಯಾಗಿ ಸಾರಿನಲ್ಲಿ ಬೇಯಿಸುತ್ತಾರೆ. ಬೆಂದ ಮೇಲೆ ಬಿಳಿ ಚರ್ಮದ ಒಳಗಿಂದ ಕಪ್ಪು ಬಿಲ್ಲೆಗಳು ಕಾಣುತ್ತವೆ. ಹತ್ತಿರದ ಸೀಮೆಯ ಕೋಳಿ, ಕೈತುಂಬ ಸಾಮಾನು, ಕೆಲವೇ ಅಡುಗೆ. ಮುಂದೆ ಜಗತ್ಪ್ರಸಿದ್ಧರಾದ ಪಾಲ್ ಬೊಕ್ಯೂಸ್ ಹರೆಯದಲ್ಲಿ ಕೆಲಸ ಕಲಿತಿದ್ದು ಈಕೆಯ ಬಳಿ. ಪ್ರವಾಸಿಯ ಮಾತು ಇಲ್ಲದಿದ್ದರೆ ಈ ಅಡುಗೆಮನೆಯ ಹೆಸರು ಊರಿನ ಗಡಿ ದಾಟುವುದು ಕಷ್ಟವಿತ್ತು.

ಇದೇ ಮಾತು ಕೆಡಿಸುವ ಬಗೆಯನ್ನು ತಿಳಿಯಲು ಲಿಯಾನಿನ ಉತ್ತರಕ್ಕಿರುವ ಬೋಜೊಲೆ ಗುಡ್ಡಗಳಿಗೆ ಹೋಗಬೇಕು. ಅಲ್ಲಿ ಬೆಳೆಯುವುದು ಗಾಮೆ ಎಂಬ ದ್ರಾಕ್ಷಿ. ಗೊಂಚಲುಗಳನ್ನು ಹಿಂಡದೆ ಇಡಿಯಾಗಿ ತೊಟ್ಟಿಗೆ ತುಂಬುತ್ತಾರೆ; ಹುಳಿಯುವಿಕೆ ಹಣ್ಣಿನ ಒಳಗಿಂದಲೇ ಶುರುವಾಗುತ್ತದೆ. ಹೀಗೆ ಮಾಡಿದ ವೈನು ಒಗರಿಲ್ಲದೆ, ಹಣ್ಣಿನ ವಾಸನೆ ಉಳಿಸಿಕೊಂಡು, ಕೊಯ್ಲಾದ ಕೆಲವೇ ವಾರಗಳಲ್ಲಿ ಕುಡಿಯಲು ಸಿದ್ಧ. ಲಿಯಾನಿನ ಊಟದ ಮನೆಗಳಿಗೆ ಅದು ಸುಗ್ಗಿಯ ಹೊಸ ವೈನಾಗಿ ಬರುತ್ತಿತ್ತು. ದಪ್ಪ ಗಾಜಿನ ತಳದ 46 ಸೆಂಟಿಲೀಟರಿನ ಬಾಟಲಿಯಲ್ಲಿ ಮೇಜಿಗೆ ಇಡುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಪ್ಯಾರಿಸ್ಸಿನವರಿಗೆ ಇದರ ರುಚಿ ಹತ್ತಿತು. 1985ರಿಂದ ನವೆಂಬರ್ ತಿಂಗಳ ಮೂರನೇ ಗುರುವಾರವೇ ಬಿಡುಗಡೆ ಎಂದು ದಿನ ಗೊತ್ತಾಯಿತು, ಜಪಾನಿನವರೆಗೆ ವಿಮಾನದಲ್ಲಿ ಪೆಟ್ಟಿಗೆಗಳು ಹೊರಟವು. ಬೇಡಿಕೆ ಏರಿತೆಂದು ತೆಳ್ಳಗಿನ ವೈನೂ ಅದೇ ಹೆಸರಿನಲ್ಲಿ ಮಾರಾಟವಾಯಿತು. ಕೊನೆಗೆ ಬೋಜೊಲೆ ಎಂದರೆ ಅಗ್ಗದ್ದು ಎಂಬ ಮಾತು ಹುಟ್ಟಿ, ಅದೇ ಗುಡ್ಡದ ಗ್ರಾನೈಟ್ ನೆಲದಲ್ಲಿ ಮೋರ್ಗಾನ್, ಫ್ಲೂರಿ ಹೆಸರಿನ ಗಟ್ಟಿ ವೈನು ಮಾಡುವ ರೈತರೂ ಪೆಟ್ಟು ತಿಂದರು. ಹೊಗಳಿಕೆಯೂ ತೆಗಳಿಕೆಯೂ ಬಂದದ್ದು ದೂರದಿಂದ. ಎರಡರಲ್ಲೂ ಆ ಗುಡ್ಡದ ಪರಿಚಯ ಇರಲಿಲ್ಲ.

ಲಿಯಾನಿನ ಬೂಶೋಂ ಎಂಬ ಪುಟ್ಟ ಊಟದ ಮನೆಗಳಿಗೂ ಇದೇ ಗತಿ ಬಂತು. ರೇಷ್ಮೆ ಮಗ್ಗದ ಕೆಲಸಗಾರರು ಉಣ್ಣುತ್ತಿದ್ದ, ಕರುಳು, ಜಠರ ಮುಂತಾದ ಅಗ್ಗದ ಮಾಂಸದ ಅಡುಗೆ ಅಲ್ಲಿಯದು. ಹೆಸರು ಹಬ್ಬಿದ ಮೇಲೆ ಹಳೆ ಪೇಟೆಯ ಬೀದಿಗಳಲ್ಲಿ ಚೌಕುಳಿ ಮೇಜುಬಟ್ಟೆ ಹಾಸಿ ಅದೇ ಬೋರ್ಡು ತಗುಲಿಸಿದವರು ಹೆಚ್ಚಾದರು. ಅಸಲಿಯನ್ನು ಗುರುತಿಸಲು 2012ರಲ್ಲಿ ಪ್ರತ್ಯೇಕ ಮುದ್ರೆಯನ್ನೇ ತರಬೇಕಾಯಿತು. ಮತ್ತೆ ಬಾರದ ಗಿರಾಕಿಯನ್ನು ನಂಬಿದ ಹೋಟೆಲಿಗೆ ನಾಳೆಯ ಭಯವಿಲ್ಲ. ದಿನಾ ಬರುವವನಿಗೆ ಬಡಿಸುವ ಹೋಟೆಲಿಗೆ ಇವತ್ತು ಉಪ್ಪು ಹೆಚ್ಚಾದರೆ ನಾಳೆಯೇ ಮಾತು ಕೇಳಬೇಕು. ಹಾಗಾಗಿ ಪ್ರವಾಸಿ ನೋಡಬೇಕಾದ ಮೊದಲ ಸಾಕ್ಷ್ಯ ತನ್ನ ತಟ್ಟೆಯಲ್ಲಿಲ್ಲ, ಪಕ್ಕದ ಮೇಜಿನಲ್ಲಿದೆ: ಅಲ್ಲಿ ಊರಿನವರು ಕೂತಿದ್ದಾರೆಯೇ?

ರುಚಿ ಅವರವರ ನಾಲಗೆಗೆ ಸೇರಿದ್ದು, ದುಡ್ಡು ಕೊಟ್ಟವನಿಗೆ ಹಿಡಿಸಲಿಲ್ಲ ಎನ್ನುವ ಹಕ್ಕಿಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಆದರೆ ನನಗೆ ಹಿಡಿಸಲಿಲ್ಲ ಎನ್ನುವುದು ಬೇರೆ, ಚೆನ್ನಾಗಿಲ್ಲ ಎನ್ನುವುದು ಬೇರೆ. ಆಂದುಯೆಟ್ ಎಂಬ ಕರುಳಿನ ಸಾಸೇಜು ಕರುಳಿನ ವಾಸನೆ ಬರುತ್ತದೆಂದು ದೂರುವುದು, ಕಡಕ್ ರೊಟ್ಟಿ ಗಟ್ಟಿಯಾಗಿದೆ ಎಂದು ಉತ್ತರ ಕರ್ನಾಟಕದ ಖಾನಾವಳಿಗೆ ಅಂಕ ಕಡಿಮೆ ಕೊಟ್ಟ ಹಾಗೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಅದಕ್ಕೇ ಬಿಸಿನೀರಲ್ಲಿ ನಾದಿ ತಟ್ಟುತ್ತಾರೆ. ಬಿಸಿ ರೊಟ್ಟಿ ಆಗಲೇ ತಿನ್ನಲಿಕ್ಕೆ, ಕಡಕ್ ರೊಟ್ಟಿ ಇಟ್ಟು ತಿನ್ನಲಿಕ್ಕೆ. ವೈನಿಗೂ ಇದೇ ಮಾತು. ನಂದಿ ಬೆಟ್ಟದ ತಪ್ಪಲಲ್ಲಿ ದ್ರಾಕ್ಷಿಬಳ್ಳಿಗೆ ಯುರೋಪಿನ ಚಳಿಗಾಲದ ನಿದ್ದೆ ಇಲ್ಲ. ವರ್ಷಕ್ಕೆ ಎರಡು ಸಲ ಬಳ್ಳಿ ಸವರಿ, ಮಳೆಗಾಲದಿಂದ ತಪ್ಪಿಸಿ, ಬೇಸಿಗೆಯ ಬಾಗಿಲಲ್ಲಿ ಒಂದೇ ಕೊಯ್ಲು ಮಾಡುತ್ತಾರೆ. ಅದರ ವೈನು ಫ್ರಾನ್ಸಿನದರ ಹಾಗಿಲ್ಲ ಎನ್ನುವುದು ತೀರ್ಪಲ್ಲ, ಹವಾಮಾನದ ವರ್ಣನೆ. ಕುಡಿಯಲು ಹೇಗಿದೆ, ಬೆಲೆಗೆ ತಕ್ಕುದಾಗಿದೆಯೇ ಎಂಬುದು ತೀರ್ಪು.

ಹಾಗಾದರೆ ಊರಿನದೆಲ್ಲವನ್ನೂ ಮೆಚ್ಚಲೇಬೇಕೆ, ಅಡುಗೆ ಬದಲಾಗಲೇಬಾರದೆ? ಹಾಗೇನಿಲ್ಲ. ಕೊಳಕು ತಟ್ಟೆ, ಹಳಸಿದ ಪಲ್ಯ, ಹೊರಗಿನವರಿಗೆಂದು ಏರಿಸಿದ ಬೆಲೆ, ಇವಕ್ಕೆ ಸಂಪ್ರದಾಯದ ರಕ್ಷಣೆ ಇಲ್ಲ. ಬ್ರಾಜಿಯೆಯ ಕೋಳಿಯೂ ಒಂದು ಕಾಲಕ್ಕೆ ಹೊಸದೇ. ಇನ್ನು ಪ್ರವಾಸಿಯ ದುಡ್ಡು ಬೇಡವೆಂದರೆ ಎಷ್ಟೋ ಸಣ್ಣ ಹೋಟೆಲುಗಳು ಬಾಗಿಲು ಹಾಕಬೇಕಾದೀತು. ನಾನು ಕೇಳುತ್ತಿರುವುದು ಮೌನವನ್ನಲ್ಲ, ಕಾರಣ ಸಮೇತವಾದ ಮಾತನ್ನು. ಏನು ತಿಂದೆವು, ಯಾವ ಹೊತ್ತಿನಲ್ಲಿ, ಎಷ್ಟು ಬೆಲೆಗೆ, ಆ ಅಡುಗೆ ಅಲ್ಲಿ ಹಾಗೇ ಇರಲು ಕಾರಣವೇನು ಎಂದು ನಾಲ್ಕು ಸಾಲು ಬರೆದರೆ ಮುಂದೆ ಬರುವವರಿಗೆ ನಿಜವಾದ ಉಪಕಾರ. ಬರೀ ನಕ್ಷತ್ರ ಎಣಿಸಿ ಕೊಟ್ಟರೆ ಹೋಟೆಲಿನವರು ನಮ್ಮ ನಾಲಗೆಗೆ ತಕ್ಕಂತೆ ಖಾರ ಇಳಿಸಿ, ಸಿಹಿ ಏರಿಸಿ, ಎಲ್ಲ ಊರಿನಲ್ಲೂ ಸಿಗುವುದನ್ನೇ ಬಡಿಸಲು ಕಲಿಯುತ್ತಾರೆ. ಅಂಥ ಊಟಕ್ಕೆ ಊರು ಬಿಟ್ಟು ಹೋಗುವ ಅಗತ್ಯವೇ ಇರುವುದಿಲ್ಲ.