ಪುಟ್ಟ ರೇಡಿಯೋ, ಪುಟ್ಟ ಬ್ಯಾಟರಿ

2017ರ ಅಕ್ಟೋಬರ್ 13ರಂದು ಬೆಂಗಳೂರಿನಲ್ಲಿ ಸುರಿದ ಭಾರಿ ಮಳೆಗೆ ಕುರುಬರಹಳ್ಳಿಯಲ್ಲಿ ಪ್ರಾಣಹಾನಿಯೇ ಸಂಭವಿಸಿತು. ಅಂಥ ಮಳೆಯಲ್ಲಿ ವಿದ್ಯುತ್ತು ನಿಂತರೆ ದೂರದರ್ಶನ ಮೂಕವಾಗುತ್ತದೆ. ಆಗ ಹೊರಗಿನ ಸುದ್ದಿ ತಿಳಿಸಬಲ್ಲ ಸರಳ ಸಾಧನವೆಂದರೆ ಸೆಲ್ಲಿನ ಮೇಲೆ ನಡೆಯುವ ಪುಟ್ಟ ರೇಡಿಯೋ. ಆ ಹೊತ್ತಿಗೆ ಅದೂ ಮಾತನಾಡದೆ ಹೋದರೆ, ದೋಷ ಬಹುಮಟ್ಟಿಗೆ ರೇಡಿಯೋದಲ್ಲಿರುವುದಿಲ್ಲ, ಸೆಲ್ಲುಗಳಲ್ಲಿರುತ್ತದೆ.

ಹಿಂದಿನ ವಾಲ್ವು ರೇಡಿಯೋವನ್ನು ಬ್ಯಾಟರಿಯಿಂದ ನಡೆಸುವುದು ಸುಲಭವಾಗಿರಲಿಲ್ಲ. ವಾಲ್ವಿನ ತಂತಿಯನ್ನು ಕಾಯಿಸಲು ಒಂದು ಬ್ಯಾಟರಿ ಬೇಕಿತ್ತು. ಅದರ ಜೊತೆಗೆ ಸಾಮಾನ್ಯವಾಗಿ 90 ವೋಲ್ಟುಗಳಷ್ಟು ಒತ್ತಡದ ಇನ್ನೊಂದು ಬ್ಯಾಟರಿಯೂ ಬೇಕಿತ್ತು. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ಈ ಹೊರೆಯನ್ನು ಇಳಿಸಿತು. ಅದರಲ್ಲಿ ಕಾಯಿಸಬೇಕಾದ ತಂತಿಯೇ ಇಲ್ಲ. ಕೆಲವೇ ವೋಲ್ಟು ಸಾಕು. ಕುರುಬರಹಳ್ಳಿಯ ಉತ್ತರಕ್ಕಿರುವ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ 1962ರಲ್ಲಿ ಜರ್ಮೇನಿಯಂ ಅರೆವಾಹಕಗಳ ತಯಾರಿಕೆ ಆರಂಭವಾಯಿತು.

ಆದರೆ ವೋಲ್ಟು ಸರಿಯಿದ್ದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಮನೆಯ ಮಾಳಿಗೆಯ ಮೇಲಿನ ನೀರಿನ ತೊಟ್ಟಿಯನ್ನು ನೆನೆಯಿರಿ. ತೊಟ್ಟಿ ಎಷ್ಟು ಎತ್ತರದಲ್ಲಿದೆಯೋ ನಲ್ಲಿಯಲ್ಲಿ ಅಷ್ಟು ರಭಸ. ಎಷ್ಟು ದೊಡ್ಡದಾಗಿದೆಯೋ ಅಷ್ಟು ಹೊತ್ತು ನೀರು. ವೋಲ್ಟೆಂಬುದು ಎತ್ತರ; ಮಿಲಿಆಂಪಿಯರ್-ಗಂಟೆ ಎಂಬುದು ತೊಟ್ಟಿಯ ಗಾತ್ರ. ಪೆನ್ಸಿಲ್ ಗಾತ್ರದ ಒಳ್ಳೆಯ ಆಲ್ಕಲೈನ್ ಸೆಲ್ಲಿನ ಒತ್ತಡ 1.5 ವೋಲ್ಟು, ಸಾಮರ್ಥ್ಯ ಸುಮಾರು 2000 ಮಿಲಿಆಂಪಿಯರ್-ಗಂಟೆ. ಅಂಥ ಎರಡು ಸೆಲ್ಲುಗಳನ್ನು ಒಂದರ ಹಿಂದೊಂದು ಜೋಡಿಸಿದರೆ ವೋಲ್ಟು 3 ಆಗುತ್ತದೆ. ಸಾಮರ್ಥ್ಯ ಮಾತ್ರ 2000 ಆಗಿಯೇ ಉಳಿಯುತ್ತದೆ. ರೇಡಿಯೋ 40 ಮಿಲಿಆಂಪಿಯರ್ ಸೆಳೆಯುವುದಾದರೆ ಸುಮಾರು 50 ಗಂಟೆ ಹಾಡೀತು. ಚಪ್ಪಟೆ ಡಬ್ಬಿಯಂತಿರುವ 9 ವೋಲ್ಟಿನ ಬ್ಯಾಟರಿಯಲ್ಲಿ ಆರು ಪುಟಾಣಿ ಸೆಲ್ಲುಗಳಿರುತ್ತವೆ. ಅದರ ಸಾಮರ್ಥ್ಯ ಸುಮಾರು 500 ಮಾತ್ರ. ಅದು ಎತ್ತರದಲ್ಲಿಟ್ಟ ಚಿಕ್ಕ ತೊಟ್ಟಿ!

ಧ್ವನಿ ಹೆಚ್ಚಿಸುವುದೆಂದರೆ ನಲ್ಲಿಯನ್ನು ಇನ್ನಷ್ಟು ತಿರುಗಿಸಿದಂತೆ. ಧ್ವನಿ ಏರಿದಂತೆ ಸ್ಪೀಕರಿಗೆ ಹೋಗುವ ಪ್ರವಾಹವೂ ಏರುತ್ತದೆ. ಆದ್ದರಿಂದ ವಿದ್ಯುತ್ತಿಲ್ಲದ ರಾತ್ರಿ ರೇಡಿಯೋವನ್ನು ಮೆಲ್ಲನೆ ಹಚ್ಚಿಟ್ಟು, ವಾರ್ತೆಯ ವೇಳೆಯಲ್ಲಷ್ಟೇ ಕೇಳಿದರೆ ಸೆಲ್ಲು ಬಹಳ ಕಾಲ ಬಾಳುತ್ತದೆ.

ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ನಿಕಲ್ ಸೆಲ್ಲುಗಳ ವೋಲ್ಟು 1.2. ಕಡಿಮೆಯಾಯಿತೆಂದು ಹೆದರಬೇಕಾಗಿಲ್ಲ. ಸಾಮಾನ್ಯ ಸೆಲ್ಲು ಕೂಡ ಬಳಸುತ್ತ ಹೋದಂತೆ 1 ವೋಲ್ಟಿನ ಸಮೀಪಕ್ಕೆ ಇಳಿಯುವುದರಿಂದ, ಹೆಚ್ಚಿನ ರೇಡಿಯೋಗಳು ಅಷ್ಟರಲ್ಲಿಯೂ ನಡೆಯುತ್ತವೆ. ಆದರೆ ಅವು ಸುಮ್ಮನಿದ್ದರೂ ಸೋರಿಹೋಗುವುದುಂಟು. ಆಗಾಗ ಚಾರ್ಜ್ ಮಾಡಬೇಕು.

ಹಳೆಯ ಸೆಲ್ಲಿನೊಡನೆ ಹೊಸದನ್ನು ಸೇರಿಸಬೇಡಿ. ಸಾಲಿನಲ್ಲಿರುವ ಎಲ್ಲ ಸೆಲ್ಲುಗಳ ಮೂಲಕವೂ ಒಂದೇ ಪ್ರವಾಹ ಹರಿಯುತ್ತದೆ. ಬಲವಾದದ್ದು ನೂಕುತ್ತಲೇ ಇರುವಾಗ ಬರಿದಾದದ್ದು ಸೊರಗಿ, ಕೊನೆಗೆ ಒಡೆದು ರಸ ಕಾರುತ್ತದೆ. ಅಗ್ಗದ ಸತು-ಇಂಗಾಲದ ಸೆಲ್ಲಿನಲ್ಲಿ ಹೊರಗಿನ ಸತುವಿನ ಡಬ್ಬಿಯೇ ಇಂಧನ. ಅದು ಸವೆದು ತೂತಾದರೆ ಒಳಗಿನ ದ್ರವ ಹೊರಬಂದು ಸ್ಪ್ರಿಂಗುಗಳನ್ನು ತಿನ್ನುತ್ತದೆ. ರೇಡಿಯೋವನ್ನು ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ಲುಗಳನ್ನು ತೆಗೆದಿಡಿ.

ಅಡಾಪ್ಟರಿನಿಂದ ನಡೆಸುವುದಾದರೆ ವೋಲ್ಟೂ ಧನ-ಋಣಗಳ ಗುರುತೂ ರೇಡಿಯೋದ ಹಿಂದೆ ಬರೆದಿರುವುದಕ್ಕೆ ಹೊಂದಲೇಬೇಕು. ಆಂಪಿಯರು ಹೆಚ್ಚಿದ್ದರೆ ಬಾಧಕವಿಲ್ಲ. ರೇಡಿಯೋ ತನಗೆ ಬೇಕಾದಷ್ಟನ್ನೇ ಸೆಳೆದುಕೊಳ್ಳುತ್ತದೆ. 3 ವೋಲ್ಟಿನ ಯಂತ್ರಕ್ಕೆ 5 ವೋಲ್ಟಿನ ಮೊಬೈಲ್ ಚಾರ್ಜರನ್ನು ನೇರವಾಗಿ ಜೋಡಿಸಿದರೆ ಅದು ಕೆಡಬಹುದು.

ಮುಂಗಾರಿಗೆ ಮೊದಲು ಒಂದು ಸಂಜೆ ಈ ಪರೀಕ್ಷೆ ಮಾಡಿರಿ: ರೇಡಿಯೋ ತೆರೆದು ಸ್ಪ್ರಿಂಗುಗಳನ್ನು ಒಣಬಟ್ಟೆಯಿಂದ ಒರೆಸಿ, ಒಂದೇ ಬಗೆಯ ಹೊಸ ಸೆಲ್ಲುಗಳನ್ನು ಹಾಕಿ ಐದು ನಿಮಿಷ ಕೇಳಿ. ಬಳಿಕ ಸೆಲ್ಲುಗಳನ್ನು ಹೊರತೆಗೆದು, ರೇಡಿಯೋದ ಪಕ್ಕದಲ್ಲೇ, ಕತ್ತಲೆಯಲ್ಲೂ ಕೈಗೆ ಸಿಗುವಂತೆ ಇಡಿ.